ಕೆಂಪಮ್ಮ ಕಟ್ಟಿದ ಬೇರಿಯಂ ಮುದ್ದೆ

ನನ್ನ ತಮ್ಮನ ಮಗಳು ಎಕ್ಸ್-ರೇ ಟೆಕ್ನಿಷಿಯನ್ ಕೋರ್ಸಿಗೆ ಸೇರಿದ್ದಾಳೆ. ಮೊನ್ನೆ ಮನೆಗೆ ಬಂದವಳು ಕಾಫಿ ಕುಡಿಯುತ್ತಾ, "ದೊಡ್ಡಪ್ಪ, ನಿಮ್ ಕಾಲ್ದಲ್ಲಿ ಹೊಟ್ಟೆ ಹೆಂಗ್ ನೋಡ್ತಿದ್ರಿ? ನಮ್ ಬುಕ್ಕಲ್ಲಿ ಬೇರಿಯಂ ಬಗ್ಗೆ ಅರ್ಧ ಪುಟ ಇದೆ ಅಷ್ಟೆ. ಪರೀಕ್ಷೆಗೂ ಬರಲ್ಲವಂತೆ" ಎಂದಳು. ಮೂವತ್ತು ಚಿಲ್ಲರೆ ವರ್ಷ ನಾನು ಕತ್ತಲ ಕೋಣೆಯಲ್ಲಿ ನಿಂತು ಮಾಡಿದ ಕೆಲಸ ಅರ್ಧ ಪುಟಕ್ಕೆ ಬಂದು ನಿಂತಿದೆ ಎಂದು ಕೇಳಿ ಸಿಟ್ಟು ಬಂತು. ಆಮೇಲೆ ಸಿಟ್ಟು ಇಳಿದು ಬೇಜಾರಾಯಿತು. ಅವಳಿಗೋಸ್ಕರ, ಅವಳ ಜೊತೆ ಓದುವ ಮಕ್ಕಳಿಗೋಸ್ಕರ ಬರೆಯುತ್ತೇನೆ ಎಂದು ಹೇಳಿ ಕಳಿಸಿದೆ.

ಬರೆಯಲು ಕೂತ ಮೇಲೆ ಗೊತ್ತಾಯಿತು, ನಾನು ಬರೆಯಬೇಕಾದದ್ದು ಬೇರಿಯಂ ಬಗ್ಗೆ ಮಾತ್ರವಲ್ಲ. ನಮ್ಮ ಎಕ್ಸ್-ರೇ ಕೋಣೆಯಲ್ಲಿ ಕೆಂಪಮ್ಮ ಎಂಬ ಆಯಾ ಇದ್ದರು. ಚಂದಕವಾಡಿ ಕಡೆಯವರು, ಊರಾಚೆಯ ಕೇರಿಯವರು. ಇಪ್ಪತ್ತೆರಡು ವರ್ಷ ಒಂದೇ ಕೋಣೆಯಲ್ಲಿ ಕೆಲಸ ಮಾಡಿದೆವು. ಅವರ ಕೈಯ ಮುದ್ದೆಯನ್ನು ನಾನು ಒಂದು ದಿನವೂ ತಿನ್ನಲಿಲ್ಲ. ಅವರಿಗೆ ಲಕ್ವ ಹೊಡೆದಿದೆ, ಬಲಗೈ ಬಿದ್ದುಹೋಗಿದೆ ಎಂಬ ಸುದ್ದಿ ಈ ಬೇಸಿಗೆಯಲ್ಲಿ ಬಂತು. ಅಂದಿನಿಂದ ಆ ತಿನ್ನದ ಮುದ್ದೆ ನನ್ನ ಗಂಟಲಲ್ಲೇ ಕೂತಿತ್ತು. ಅದನ್ನು ತಿನ್ನುವ ಯೋಗ ಇನ್ನು ಇದೆಯೋ ಇಲ್ಲವೋ ಎಂಬುದೇ ಯೋಚನೆಯಾಗಿತ್ತು.

ಮೊದಲಿನಿಂದ ಹೇಳುತ್ತೇನೆ.

ನನ್ನದು ತೆರಕಣಾಂಬಿ. ನಮ್ಮದು ಲಿಂಗ ಕಟ್ಟಿಕೊಳ್ಳುವ ಮನೆ, ಹೊಲ ಇತ್ತು, ಸಂತೆಯಲ್ಲಿ ಅಪ್ಪನದೊಂದು ಸಣ್ಣ ವ್ಯಾಪಾರವೂ ಇತ್ತು. ಕೆಲಸ ಶುರುವಾದದ್ದು ಗುಂಡ್ಲುಪೇಟೆಯಲ್ಲಿ, ಮುರಿದ ಕೈಕಾಲುಗಳ ಎಕ್ಸ್-ರೇ ತೆಗೆಯುತ್ತಾ. ಆಮೇಲೆ ಚಾಮರಾಜನಗರಕ್ಕೆ ಬಂದೆ. ಯಾವ ಆಸ್ಪತ್ರೆ ಎಂದು ಬರೆಯುವುದಿಲ್ಲ, ಅದರಲ್ಲಿ ಯಾರಿಗೂ ಲಾಭವಿಲ್ಲ. ಅಲ್ಲಿ ಹೊಟ್ಟೆಯೊಳಗಿನ ಓಡಾಟವನ್ನು ಕಣ್ಣಾರೆ ನೋಡುವ ಯಂತ್ರ ಇತ್ತು. ಅದರ ಯಜಮಾನರು ವರ್ಗೀಸ್ ಡಾಕ್ಟರು. ಕಾಡು ದಾಟಿದರೆ ಅವರ ಊರು, ಕೇರಳದ ಬತ್ತೇರಿಯ ಆಚೆ. ಎಷ್ಟು ವರ್ಷ ಇಲ್ಲಿದ್ದರೂ ಅವರ ಕನ್ನಡ ಬಂಡೀಪುರದ ಗೇಟು ದಾಟಿ ಈಚೆ ಪೂರ್ತಿ ಬರಲೇ ಇಲ್ಲ.

ಮೊದಲ ದಿನ ಅವರು ಒಂದು ಲೋಟ ಬೇರಿಯಂ ಕಲಸಿ ನನ್ನ ಕೈಗೆ ಕೊಟ್ಟರು. ಬೇರಿಯಂ ಎಂದರೆ ಬಿಳಿ ಪುಡಿ, ನೀರಲ್ಲಿ ಕಲಸಿದರೆ ಗೋಡೆಗೆ ಬಳಿಯುವ ಸುಣ್ಣದ ಹಾಗೆ ಇರುತ್ತದೆ.

"ಕುಡಿ" ಅಂದರು.

"ನಂಗ್ಯಾಕೆ ಸಾರ್? ನಂಗೇನೂ ಆಗಿಲ್ಲ."

"ಕುಡಿಯದವನು ಕುಡಿಸಬಾರದು. ಕುಡಿಯಡೋ."

ಕುಡಿದೆ. ರುಚಿಯಿಲ್ಲ, ವಾಸನೆಯಿಲ್ಲ, ಆದರೆ ನಾಲಿಗೆಯಿಂದ ಹೋಗುವುದೂ ಇಲ್ಲ. ಸಾಯಂಕಾಲ ಮನೆಯಲ್ಲಿ ಉಪ್ಪಿನಕಾಯಿ ನೆಕ್ಕಿದರೂ ಬಾಯಿ ಸೀಮೆಸುಣ್ಣ. ಅವತ್ತಿನಿಂದ ನಾನು ಯಾವ ರೋಗಿಗೂ "ಗಟಗಟ ಕುಡೀರಿ" ಎಂದು ಗದರಿಸಲಿಲ್ಲ. ಮಕ್ಕಳೇ, ನೀವು ರೋಗಿಗೆ ಏನು ಮಾಡಲು ಹೊರಟಿದ್ದೀರೋ ಅದರಲ್ಲಿ ನಿಮಗೆ ಮಾಡಿಸಿಕೊಳ್ಳಲು ಆಗುವಷ್ಟನ್ನು ಒಮ್ಮೆ ಮಾಡಿಸಿಕೊಳ್ಳಿ.

ಆ ಕೋಣೆಯನ್ನು ಹೇಗೆ ವಿವರಿಸಲಿ? ಕಿಟಕಿಗೆಲ್ಲ ದಪ್ಪ ಕಪ್ಪು ಬಟ್ಟೆ. ಪರೀಕ್ಷೆ ಶುರುವಾಗುವುದಕ್ಕೆ ಅರ್ಧ ಗಂಟೆ ಮೊದಲೇ ಡಾಕ್ಟರು ಕೆಂಪು ಗಾಜಿನ ಕನ್ನಡಕ ಹಾಕಿಕೊಂಡು ಕೂರುತ್ತಿದ್ದರು, ಕಣ್ಣು ಕತ್ತಲೆಗೆ ಹದವಾಗಲಿ ಎಂದು. ಹಾಗೇ ಕಾರಿಡಾರಿನಲ್ಲಿ ಓಡಾಡಿದರೆ ಹೊಸಬರು ಹೆದರುತ್ತಿದ್ದರು. ರೋಗಿಯನ್ನು ಹಲಗೆಗೆ ಬೆನ್ನು ಕೊಟ್ಟು ನಿಲ್ಲಿಸಿ, ಕೈಗೆ ಲೋಟ ಕೊಟ್ಟು, ದೀಪ ಆರಿಸುತ್ತಿದ್ದೆ. ಸೀಸದ ಏಪ್ರನ್ನಿನ ಭಾರಕ್ಕೆ ಹೆಗಲು ಜಗ್ಗುತ್ತಿತ್ತು. ಯಂತ್ರ ಗುಂಯ್ ಎನ್ನುತ್ತಿತ್ತು. ಪರದೆಯ ಮೇಲೆ ಮಬ್ಬು ಹಸಿರು ಬೆಳಕಿನಲ್ಲಿ ಒಂದು ಜೀವದ ಒಳಗು ಕಾಣುತ್ತಿತ್ತು.

"ಬಾಯಲ್ಲಿ ಇಟ್ಕಳಿ. ಇಟ್ಕಳಿ. ಈಗ ನುಂಗಿ."

ಇದು ನಾನು ಜೀವಮಾನದಲ್ಲಿ ಅತಿ ಹೆಚ್ಚು ಸಲ ಹೇಳಿದ ಮಾತು. ನುಂಗಿದ ತಕ್ಷಣ ಗಂಟಲ ಗೂಡು ಮೇಲೆ ಜಿಗಿದು ಉಸಿರಿನ ದಾರಿಯನ್ನು ಮುಚ್ಚುತ್ತದೆ, ಅನ್ನನಾಳ ತೆರೆಯುತ್ತದೆ. ತುತ್ತು ತನ್ನ ಭಾರಕ್ಕೇ ಕೆಳಗೆ ಬೀಳುತ್ತದೆ ಎಂದು ನಾನು ತಿಳಿದಿದ್ದೆ. ಹಾಗಲ್ಲ. ಅನ್ನನಾಳ ಹಿಂದಿನಿಂದ ಹಿಂಡಿ ಹಿಂಡಿ ಅದನ್ನು ಮುಂದಕ್ಕೆ ದೂಡುತ್ತದೆ, ಮಲಗಿಸಿದರೂ ದೂಡುತ್ತದೆ. ಜಠರದ ಬಾಗಿಲಲ್ಲಿ ಒಂದು ಗಳಿಗೆ ನಿಲ್ಲುತ್ತದೆ, ಬಾಗಿಲು ತೆರೆದ ಮೇಲೆ ಒಳಗೆ ಸುರಿಯುತ್ತದೆ. ಜಠರವಂತೂ ಒಬ್ಬೊಬ್ಬರದು ಒಂದೊಂದು ಆಕಾರ. ಸಣಕಲು ಎತ್ತರದವರದು ಸೊಂಟದವರೆಗೆ ಜೋತಾಡುತ್ತದೆ, ದಪ್ಪಗಿನವರದು ಎತ್ತಿನ ಕೊಂಬಿನ ಹಾಗೆ ಅಡ್ಡ ಮಲಗಿರುತ್ತದೆ. ಅಲ್ಲಿ ಮೂರು ನಾಲ್ಕು ಗಂಟೆ ಕಡೆದು, ನುಣ್ಣಗಾದದ್ದನ್ನು ಮಾತ್ರ ಸ್ವಲ್ಪ ಸ್ವಲ್ಪವಾಗಿ ಸಣ್ಣ ಕರುಳಿಗೆ ಬಿಡುತ್ತದೆ. ಪಿತ್ತ ಬಂದು ಸೇರುವುದೂ, ಅನ್ನದ ಸಾರ ರಕ್ತಕ್ಕೆ ಹೋಗುವುದೂ ಅಲ್ಲೇ. ಬೇರಿಯಂ ಅಲ್ಲಿ ಹಕ್ಕಿಯ ಪುಕ್ಕ ಹರಡಿದ ಹಾಗೆ ಕಾಣುತ್ತಿತ್ತು. ಅರ್ಧರ್ಧ ಗಂಟೆಗೆ ಒಂದೊಂದು ಫಿಲ್ಮ್ ತೆಗೆಯಬೇಕು, ಅಲ್ಲಿಯವರೆಗೆ ರೋಗಿ ಹೊರಗಿನ ಬೆಂಚಿನ ಮೇಲೆ. ದೊಡ್ಡ ಕರುಳಿಗೆ ಪೂರ್ತಿ ಹೋಗಿ ಸೇರುವಷ್ಟರಲ್ಲಿ ಮರುದಿನವಾಗುತ್ತಿತ್ತು.

ಈಗ ಹತ್ತು ಸೆಕೆಂಡಿಗೆ ಸ್ಕ್ಯಾನ್ ಮುಗಿಯುತ್ತದೆ. ಒಳ್ಳೆಯದೇ, ರೋಗಿಗೆ ಕಷ್ಟ ಕಡಿಮೆ. ಆದರೆ ಆ ಬೆಂಚಿನ ಮೇಲೆ ಇಡೀ ದಿನ ಕೂತಿರುತ್ತಿದ್ದ ಜನ ನನಗೆ ಈಗಲೂ ಬೇಕು ಅನ್ನಿಸುತ್ತದೆ. ಅವರ ಊರು, ಮಗಳ ಮದುವೆ, ಅರಿಸಿನದ ಬೆಳೆ ಎಲ್ಲ ನಮಗೆ ಗೊತ್ತಾಗುತ್ತಿತ್ತು.

ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದು ಹಿಂದಿನ ದಿನ ಹತ್ತು ಸಲ ಹೇಳಿ ಕಳಿಸಬೇಕಾಗಿತ್ತು. ಒಮ್ಮೆ ನಮ್ಮ ತೆರಕಣಾಂಬಿಯವರೇ ಒಬ್ಬರು ಬಂದರು, ಗಟ್ಟಿ ಆಸಾಮಿ. "ಏನೂ ತಿಂದಿಲ್ಲ ತಾನೆ?" ಎಂದೆ. "ಇಲ್ಲ" ಎಂದು ಲಿಂಗ ಮುಟ್ಟಿ ಹೇಳಿದರು. ದೀಪ ಆರಿಸಿ ನೋಡಿದರೆ ಜಠರದಲ್ಲಿ ಉಂಡೆ ಉಂಡೆಯಾಗಿ ಏನೇನೋ ತೇಲುತ್ತಿದೆ. ಡಾಕ್ಟರು ಗಾಬರಿಯಾಗಿ, "ಗಡ್ಡೆಯಾ ಇದು?" ಎಂದು ಪಿಸುಗುಟ್ಟಿದರು. ನಾನು ಮತ್ತೆ ಕೇಳಿದೆ.

"ಊಟ ಎಲ್ಲಿ ಮಾಡಿವ್ನಿ? ಬರ್ತಾ ಬಸ್‌ಸ್ಟ್ಯಾಂಡಲ್ಲಿ ನಾಕು ಇಡ್ಲಿ ತಿಂದೆ ಅಷ್ಟೆ. ಇಡ್ಲಿನೂ ಒಂದು ಊಟ್ವೇನ್ಲಾ?"

ಇದು ನಮ್ಮ ಸೀಮೆಯ ಜನ. ಮುದ್ದೆ ಬಿದ್ದರೆ ಮಾತ್ರ ಹೊಟ್ಟೆಗೆ ಏನಾದರೂ ಬಿತ್ತು ಎಂಬ ಲೆಕ್ಕ. ಇಡ್ಲಿ ದೋಸೆ ಎಲ್ಲ ಬಾಯಾಡಿಸುವುದಕ್ಕೆ. ಅವರ ಗಡ್ಡೆ ಮರುದಿನ ಮಾಯವಾಗಿತ್ತು.

ನಾನೇ ಮಾಡಿದ ತಪ್ಪೊಂದನ್ನೂ ಹೇಳಿಬಿಡುತ್ತೇನೆ. ಒಬ್ಬ ಬಸ್ ಕಂಡಕ್ಟರಿಗೆ ಹೊಟ್ಟೆನೋವು. ಫಿಲ್ಮ್ ತೊಳೆದು ಬೆಳಕಿಗೆ ಹಿಡಿದರೆ ಜಠರ ಬಲಗಡೆ ಇದೆ. ಎಡಬಲದ ಗುರುತಿನ ಅಕ್ಷರವನ್ನು ನಾನೇ ತಿರುವು ಮುರುವು ಇಟ್ಟೆನೇನೋ ಎಂದು ಹೆದರಿ, ಯಾರಿಗೂ ಹೇಳದೆ ಅಕ್ಷರ ಕೆರೆದು ಇನ್ನೊಂದು ಕಡೆ ಬರೆದೆ. ವರ್ಗೀಸ್ ಡಾಕ್ಟರು ಫಿಲ್ಮ್ ನೋಡಿದರು, ಕೆರೆದ ಜಾಗವನ್ನು ಉಗುರಿನಿಂದ ಮುಟ್ಟಿದರು, ಎದ್ದು ಹೋಗಿ ಕಂಡಕ್ಟರನ ಎದೆಯ ಮೇಲೆ ಅಂಗೈ ಇಟ್ಟರು. ಆತನ ಹೃದಯ ಬಲಗಡೆ ಬಡಿಯುತ್ತಿತ್ತು. ಹುಟ್ಟಿನಿಂದಲೇ ಒಳಗಿನದೆಲ್ಲ ಎಡಬಲ ಅದಲುಬದಲಾಗಿದ್ದ ಮನುಷ್ಯ. ನನ್ನ ಅಕ್ಷರ ನಂಬಿ ಯಾರಾದರೂ ಆಪರೇಷನ್ ಮಾಡಿದ್ದರೆ ಇಲ್ಲದ ಕಡೆ ಕುಯ್ಯುತ್ತಿದ್ದರು.

"ಕಂಡದ್ದು ಬರಿ. ಕಾಣಬೇಕಾದದ್ದು ಬರೆಯಬೇಡ" ಎಂದರು ಡಾಕ್ಟರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ಇಷ್ಟು ವರ್ಷ ನೆನಪಿರುತ್ತಿರಲಿಲ್ಲ.

ಇನ್ನು ಕೆಂಪಮ್ಮ.

ವಯಸ್ಸಿನಲ್ಲಿ ನನಗಿಂತ ಏಳೆಂಟು ವರ್ಷ ದೊಡ್ಡವರು. ಆದರೂ ನಾನು "ಬಾ ಕೆಂಪಮ್ಮ, ಹೋಗು ಕೆಂಪಮ್ಮ" ಎಂದೇ ಕರೆಯುತ್ತಿದ್ದೆ. ಅವರು ನನಗೆ "ಸಾ" ಎನ್ನುತ್ತಿದ್ದರು. ಅದು ಯಾರಿಗೂ ವಿಚಿತ್ರ ಅನ್ನಿಸುತ್ತಿರಲಿಲ್ಲ, ನನಗಂತೂ ಅನ್ನಿಸಲೇ ಇಲ್ಲ. ಕತ್ತಲಲ್ಲಿ ರೋಗಿಯ ಬಾಯಿಗೆ ಲೋಟ ಹಿಡಿಯುವುದು ಅವರ ಕೆಲಸ. ಹೆದರಿದ ರೋಗಿಯ ಕೈ ನಡುಗಿ ಬೇರಿಯಂ ಎಲ್ಲ ಮೈಮೇಲೆ ಚೆಲ್ಲುತ್ತಿತ್ತು. ಕೆಂಪಮ್ಮ ಒಂದು ಕೈ ಬೆನ್ನ ಮೇಲಿಟ್ಟು, "ಏನಿಲ್ಲ ಕಣಪ್ಪ, ಮಜ್ಗೆ ಅನ್ಕ, ಕುಡ್ದ್ಬುಡು" ಎಂದರೆ ಲೋಟ ಖಾಲಿಯಾಗುತ್ತಿತ್ತು. ಎಷ್ಟೋ ದೊಡ್ಡ ದೊಡ್ಡ ಮನೆಯ ಯಜಮಾನರು ಆ ಕತ್ತಲಲ್ಲಿ ಅವರ ಕೈಯಿಂದ ಕುಡಿದರು. ಒಬ್ಬರು ಮಾತ್ರ ದೀಪ ಹಾಕಿದ ಮೇಲೆ ಕೆಂಪಮ್ಮನ ಮುಖ ನೋಡಿ, "ನಂಗ್ ಕುಡಿಸಿದ್ದು ಯಾರು?" ಎಂದು ನನ್ನನ್ನು ಕೇಳಿದರು. ನಾನು ಕೇಳಿಸದವನ ಹಾಗೆ ಫಿಲ್ಮ್ ತೆಗೆದುಕೊಂಡು ಒಳಗೆ ಹೋದೆ. ಆ ಮನುಷ್ಯನ ಮೇಲೆ ನನಗೆ ಅವತ್ತು ಕೋಪ ಬಂದಿತ್ತು. ನಾನೇನು ಬೇರೆಯೇ ಎಂದು ಅವತ್ತು ಹೊಳೆಯಲಿಲ್ಲ.

ನಾನು ಬಂದ ಮೊದಲ ವಾರ ಕೆಂಪಮ್ಮ ಮಧ್ಯಾಹ್ನ ಡಬ್ಬಿ ಬಿಚ್ಚಿ, "ಸಾ, ಒಂದ್ ಮುರುಕು ಇಟ್ಟು ಉಣ್ಣಿ, ಉಪ್ಸಾರು ಐತೆ" ಎಂದಿದ್ದರು. ನಮ್ಮ ಕಡೆ ಮುದ್ದೆಗೆ ಹಿಟ್ಟು ಎಂದೇ ಹೆಸರು, ಅದು ಅವರ ಬಾಯಲ್ಲಿ ಇಟ್ಟು. ನನಗೆ ಬೇಡ ಎನ್ನಲು ಕಾರಣ ಸಿಗಲಿಲ್ಲ. "ಹೊಟ್ಟೆ ಸರಿಯಿಲ್ಲ ಕೆಂಪಮ್ಮ" ಎಂದೆ. ಅವರು ಡಬ್ಬಿಯನ್ನು ಸ್ವಲ್ಪ ಆಚೆ ಸರಿಸಿಕೊಂಡು ಕೂತು ಉಂಡರು. ಅಂದಿನಿಂದ ಊಟದ ಹೊತ್ತಿಗೆ ನಾನು ಫಿಲ್ಮ್ ತೊಳೆಯುವ ಡೆವಲಪರ್ ವಾಸನೆಯ ಕೋಣೆಯ ಒಳಗೆ, ಅವರು ಹೊರಗಿನ ಬಾಗಿಲ ಬಳಿ. ಗೋಡೆಯ ಆಚೆಯಿಂದ ಉಪ್ಪುಸಾರಿನ ಖಾರದ ಘಮ ಬರುತ್ತಿತ್ತು. ನಾನು ಮನೆಯಿಂದ ತಂದ ಚಿತ್ರಾನ್ನ ತಿನ್ನುತ್ತಿದ್ದೆ.

ಒಂದು ದಿನ ನಾಗಮ್ಮ ಎಂಬ ಹೆಂಗಸು ಬಂದಳು. ಕೂಲಿಗೆ ಹೋಗುವವಳು, ಮೂವತ್ತರ ಆಸುಪಾಸು, ಮೈಯಲ್ಲಿ ರಕ್ತವಿಲ್ಲದೆ ಬೆಳ್ಳಗಾಗಿದ್ದಳು. ಗಂಡ, ಅತ್ತೆ ಜೊತೆಯಲ್ಲಿದ್ದರು. ಮುದ್ದೆ ಇಳಿಯುವುದಿಲ್ಲ ಎಂಬುದು ಅವಳ ದೂರು. ಬೇರಿಯಂ ಕುಡಿಸಿದೆವು. ನೀರು ಹರಿದಂತೆ ಸರ್ರನೆ ಇಳಿಯಿತು. ಎಲ್ಲ ಸರಿಯಾಗಿದೆ ಎಂದು ಡಾಕ್ಟರು ಬರೆದರು. ಹೊರಗೆ ಬಂದು ನಾನೇ ದೊಡ್ಡ ಮನುಷ್ಯನ ಹಾಗೆ, "ಏನಿಲ್ಲಮ್ಮ, ಸುಮ್ನೆ ಮನಸಿಗೆ ಹಚ್ಕೊಂಡಿದೀಯ, ಉಂಡ್ರೆ ಇಳೀತದೆ" ಎಂದೆ. ಅತ್ತೆ ನನ್ನ ಮಾತನ್ನೇ ಹಿಡಿದಳು.

"ಕೇಳ್ದೇನಮ್ಮಿ? ಫೋಟೋದವರೇ ಏಳ್ಬುಟ್ರು. ನಾಟ್ಕ ಮಾಡ್ತಾಳೆ ಸಾಮಿ. ನಾವ್ ಇಕ್ಕಿದ್ದು ಇಳಿಯಕಿಲ್ಲ, ಅವ್ರಪ್ಪನ ಮನ್ಲಿ ಎಲ್ಲಾ ಇಳೀತದೆ. ಅಲ್ಲೇ ಇರು ಓಗು ಇನ್ಮೇಲೆ."

ಎರಡು ತಿಂಗಳಾದ ಮೇಲೆ ನಾಗಮ್ಮ ಒಬ್ಬಳೇ ಬಂದಳು. ತವರಿಗೆ ಕಳಿಸಿಬಿಟ್ಟಿದ್ದರು. ಮೊದಲಿನ ಅರ್ಧ ಆಗಿದ್ದಳು. ಚೀಟಿ ಇಲ್ಲ, ಯಾರೂ ಬರೆದು ಕಳಿಸಿಲ್ಲ. ನಾನು ಬಾಗಿಲಲ್ಲೇ ತಡೆದೆ.

"ನೋಡಿದ್ವಲ್ಲಮ್ಮ, ಎಲ್ಲ ಸರಿಯಾಗಿದೆ ಅಂತ ಬರೆದು ಕೊಟ್ಟಿದೀವಲ್ಲ."

"ನಿಮ್ ಸುಣ್ಣದ್ ನೀರು ಇಳೀತದೆ ಸಾಮಿ. ಅದು ಇಳಿಯಕಿಲ್ಲ ಅಂತ ನಾನ್ಯಾವಾಗ ಅಂದೆ? ಇಟ್ಟು ಇಳಿಯಕಿಲ್ಲ. ಇಟ್ಟು ಕೊಟ್ಟು ನೋಡಿ. ಇಳುದ್ರೆ ನಾನು ನಾಟ್ಕದವಳು ಅಂತ್ಲೇ ಆಗ್ಲಿ, ಮತ್ತೆ ಬರಕಿಲ್ಲ."

ನಾನು ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದೆ. ಒಳಗಿದ್ದ ಕೆಂಪಮ್ಮ ಹೊರಗೆ ಬಂದು ಅವಳ ಕೈ ಹಿಡಿದು ಉಗುರು ನೋಡಿದರು. ಉಗುರುಗಳು ಚಮಚದ ಹಾಗೆ ಹಳ್ಳ ಬಿದ್ದಿದ್ದವು. "ಮಣ್ಣು ತಿಂತೀಯಾ ಅಮ್ಮಿ?" ಎಂದು ಮೆಲ್ಲಗೆ ಕೇಳಿದರು. ನಾಗಮ್ಮ ತಲೆ ತಗ್ಗಿಸಿದಳು. "ಹಸಿ ಅಕ್ಕಿ. ಒಂದೊಂದ್ ಸಲ ಕೆಮ್ಮಣ್ಣು" ಎಂದಳು. ಕೆಂಪಮ್ಮ ನೇರ ಡಾಕ್ಟರ ಕೋಣೆಗೆ ಹೋಗಿ ಎಲ್ಲ ಹೇಳಿದರು, ನಾನೂ ಹಿಂದೆ ಹೋದೆ. ಅಷ್ಟು ವರ್ಷದಲ್ಲಿ ಅವರು ಕರೆಯದೆ ಆ ಕೋಣೆಗೆ ಹೋದದ್ದು ಅದೊಂದೇ ಸಲ.

ವರ್ಗೀಸ್ ಡಾಕ್ಟರಿಗೆ ಮುದ್ದೆಯ ವಿಚಾರ ಗೊತ್ತಿರಲಿಲ್ಲ. ಮೊದಲ ಸಲ ನಾಗಮ್ಮನನ್ನು ಅವರು "ಅಗಿಯೋಕೆ ಕಷ್ಟ ಆಗುತ್ತಾ?" ಎಂದು ಕೇಳಿದ್ದರು. ಇಲ್ಲ ಎಂದಿದ್ದಳು. ಮುದ್ದೆಯನ್ನು ಯಾರು ಅಗಿಯುತ್ತಾರೆ? ಮುರಿದು, ಸಾರಿನಲ್ಲಿ ಹೊರಳಿಸಿ, ಹಾಗೇ ನುಂಗುವುದು.

"ಅಗಿಯದೆಯಾ? ಇಡೀ ತುತ್ತು?" ಡಾಕ್ಟರು ಕೆಂಪು ಕನ್ನಡಕ ತೆಗೆದು ನನ್ನ ಮುಖ ನೋಡಿದರು. "ಎಂಡೆ ದೈವಮೇ! ಇಷ್ಟು ವರ್ಷ ನೀನು ನನಗೆ ಹೇಳಲಿಲ್ಲ?"

ನಿಜ, ನಾನು ಹೇಳಿರಲಿಲ್ಲ. ಮುದ್ದೆ ನುಂಗುವವನೇ ಆಗಿದ್ದೂ ನನಗೆ ಹೊಳೆದಿರಲಿಲ್ಲ. ದಿನಾ ಮಾಡುವುದನ್ನು ಹೇಳಬೇಕಾದ ವಿಷಯ ಎಂದು ಯಾರೂ ತಿಳಿಯುವುದಿಲ್ಲ. ಸೀಮೆಯ ಜನ ಏನು ತಿನ್ನುತ್ತಾರೆ, ಹೇಗೆ ತಿನ್ನುತ್ತಾರೆ ಎಂಬುದನ್ನು ತಿಳಿಯದೆ ನಾವು ಅವರ ಗಂಟಲು ನೋಡಲು ಹೊರಟಿದ್ದೆವು.

"ಮುದ್ದೆಗೆ ಬೇರಿಯಂ ಹಾಕಬಹುದಾ?" ಎಂದರು ಡಾಕ್ಟರು.

"ರಾಗಿ ಇಟ್ಟಿಗೆ ಏನ್ ಆಕುದ್ರೂ ಬೆರೀತದೆ ಬುಡಿ" ಎಂದರು ಕೆಂಪಮ್ಮ.

ಎನಿಮಾಗೆ ನೀರು ಕಾಯಿಸುವ ಸ್ಟೌ ಮೇಲೆ ಅವತ್ತು ಮುದ್ದೆ ಬೆಂದಿತು. ಹತ್ತಿರದ ಅಂಗಡಿಯಿಂದ ರಾಗಿ ಹಿಟ್ಟು ತರಿಸಿ, ಕುದಿಯುವ ನೀರಿಗೆ ಹಾಕಿ, ನಾನು ಬೇರಿಯಂ ಪುಡಿ ಉದುರಿಸುತ್ತಾ ಹೋದೆ, ಕೆಂಪಮ್ಮ ತಿರುವುತ್ತಾ ಹೋದರು. ಮುದ್ದೆ ಕೋಲು ಇರಲಿಲ್ಲ, ಮರದ ರೂಲು ದೊಣ್ಣೆಯನ್ನೇ ತೊಳೆದು ಕೊಟ್ಟೆ. ಹಿಟ್ಟು ಬಿಗಿಯಾಗುತ್ತಿದ್ದ ಹಾಗೆ ಪಾತ್ರೆಯನ್ನು ಎರಡು ಪಾದದ ನಡುವೆ ಒತ್ತಿ ಹಿಡಿದು ತಿರುವಿದರು. ಬೂದಿ ಬಣ್ಣದ ಮುದ್ದೆ. ಕೈ ಒದ್ದೆ ಮಾಡಿಕೊಂಡು ನಿಂಬೆಹಣ್ಣಿಗಿಂತ ಚಿಕ್ಕ ಚಿಕ್ಕ ಉಂಡೆ ಕಟ್ಟಿದರು.

ದೀಪ ಆರಿಸಿದೆ. ಕೆಂಪಮ್ಮ ಉಂಡೆಯನ್ನು ನಾಗಮ್ಮನ ನಾಲಿಗೆಯ ಮೇಲಿಟ್ಟರು.

"ಈಗ ನುಂಗಿ" ಎಂದೆ.

ಪರದೆಯ ಮೇಲೆ ಆ ಕರಿ ಉಂಡೆ ಗಂಟಲು ದಾಟಿತು, ಎರಡು ಬೆರಳು ಕೆಳಗೆ ಇಳಿಯಿತು, ಅಲ್ಲಿ ನಿಂತಿತು. ಹಿಂದಿನಿಂದ ಗಂಟಲು ಒಂದು ಸಲ ದೂಡಿತು, ಎರಡು ಸಲ ದೂಡಿತು, ಜಗ್ಗಲಿಲ್ಲ. ನಾಗಮ್ಮ ಒಂದು ಕೈಯಿಂದ ತನ್ನ ಕತ್ತು ತೋರಿಸುತ್ತಿದ್ದಳು, ಉಂಡೆ ನಿಂತ ಜಾಗವನ್ನೇ. ಡಾಕ್ಟರು ಉಸಿರು ಬಿಡದೆ, "ಫಿಲ್ಮ್, ಫಿಲ್ಮ್" ಎಂದರು. ನಾನು ಗುಂಡಿ ಒತ್ತಿದೆ. ಆಮೇಲೆ ಕೆಂಪಮ್ಮ ನೀರು ಕುಡಿಸಿ ಕುಡಿಸಿ ಉಂಡೆಯನ್ನು ಇಳಿಸಿದರು.

ಫಿಲ್ಮಿನಲ್ಲಿ ಸ್ಪಷ್ಟವಾಗಿತ್ತು. ಅನ್ನನಾಳದ ಮೇಲ್ಗಡೆ, ಮುಂದಿನ ಗೋಡೆಯಿಂದ ಒಂದು ತೆಳು ಪೊರೆ ಒಳಕ್ಕೆ ಚಾಚಿಕೊಂಡಿತ್ತು. ರಕ್ತದಲ್ಲಿ ಕಬ್ಬಿಣದ ಅಂಶ ಬಹಳ ಕಾಲ ಕಡಿಮೆಯಾದ ಹೆಂಗಸರಲ್ಲಿ ಹೀಗಾಗುವುದುಂಟು. ನೀರು ಅದನ್ನು ಬಳಸಿ ಹೋಗುತ್ತದೆ, ಮುದ್ದೆ ಹೋಗುವುದಿಲ್ಲ. ಅವಳನ್ನು ಮೈಸೂರಿಗೆ ಕಳಿಸಿದರು. ಅಲ್ಲಿ ನಳಿಗೆ ಹಾಕಿ ದಾರಿ ಅಗಲ ಮಾಡಿದರು, ಕಬ್ಬಿಣದ ಮಾತ್ರೆ, ಇಂಜೆಕ್ಷನ್ ಕೊಟ್ಟರು. ಡಾಕ್ಟರು ತಮ್ಮ ಹಳೆಯ ರಿಪೋರ್ಟಿನ ಮೇಲೆ ಗೀಟು ಹಾಕಿ, "ನಮ್ಮ ಪರೀಕ್ಷೆ ತಪ್ಪಿತ್ತು, ರೋಗಿ ಹೇಳಿದ್ದು ಸರಿ" ಎಂದು ಬರೆದು ಸಹಿ ಮಾಡಿ ಅವಳ ಕೈಗೇ ಕೊಟ್ಟರು. ಅತ್ತೆಗೆ ತೋರಿಸು ಎಂದರು. ಆರು ತಿಂಗಳ ಮೇಲೆ ನಾಗಮ್ಮ ಗಂಡನ ಜೊತೆ ಬಂದು, "ಈಗ ಎಲ್ಡೆಲ್ಡು ಉಣ್ತೀನಿ ಸಾಮಿ" ಎಂದು ನಕ್ಕು ಹೋದಳು. ಅವಳ ಮುಂದೆ ನಿಂತು ನಾನು ತಪ್ಪಾಯಿತು ಎನ್ನಬೇಕಾಗಿತ್ತು. ನಾನೂ ನಕ್ಕೆ ಅಷ್ಟೆ.

ಅವತ್ತಿನ ಇನ್ನೊಂದು ವಿಷಯ ಬಾಕಿ ಇದೆ. ಬೇರಿಯಂ ಹಾಕುವ ಮೊದಲೇ ಕೆಂಪಮ್ಮ ಒಂದಿಷ್ಟು ಹಿಟ್ಟು ಬೇರೆ ತೆಗೆದಿಟ್ಟಿದ್ದರು. ಕೆಲಸವೆಲ್ಲ ಮುಗಿದ ಮೇಲೆ ಅದನ್ನು ತಿರುವಿ ಮೂರು ಮುದ್ದೆ ಕಟ್ಟಿ, ತಮ್ಮ ಡಬ್ಬಿಯ ಸೊಪ್ಪಿನ ಸಾರು ಬಿಸಿ ಮಾಡಿದರು. ವರ್ಗೀಸ್ ಡಾಕ್ಟರು ಸ್ಟೂಲಿನ ಮೇಲೆ ಕೂತು, ಮುದ್ದೆಯನ್ನು ಕಚ್ಚಿ ಕಚ್ಚಿ ಅಗಿದರು. ಹಲ್ಲಿಗೆಲ್ಲ ಅಂಟಿಕೊಂಡಿತು. ಕೆಂಪಮ್ಮ ಸೆರಗು ಬಾಯಿಗೆ ಹಿಡಿದು ನಕ್ಕರು. ಮೂರನೆಯ ಮುದ್ದೆ ತಟ್ಟೆಯಲ್ಲಿ ಹಬೆಯಾಡುತ್ತಿತ್ತು. ಅದು ನನ್ನದು.

"ಇವತ್ತು ಹೊಟ್ಟೆ ಸರಿಯಿಲ್ಲ" ಎಂದೆ.

"ದಿನಾ ಹೊಟ್ಟೆ ಫೋಟೋ ತೆಗೆಯೋರ್ಗೇ ಹೊಟ್ಟೆ ಸರಿ ಇಲ್ವಲ್ಲ ಸಾ" ಎಂದರು ಕೆಂಪಮ್ಮ. ನಗುತ್ತಲೇ ಅಂದರು. ಡಾಕ್ಟರು ನಗಲಿಲ್ಲ, ತಲೆ ಬಗ್ಗಿಸಿ ಅಗಿಯುತ್ತಾ ಇದ್ದರು. ಆ ಮುದ್ದೆಯನ್ನು ಕೆಂಪಮ್ಮ ಸಾಯಂಕಾಲ ಮನೆಗೆ ತೆಗೆದುಕೊಂಡು ಹೋದರು.

ಆಮೇಲೆ ಮುದ್ದೆ ಇಳಿಯುವುದಿಲ್ಲ ಎಂದು ಬಂದವರಿಗೆಲ್ಲ ಬೇರಿಯಂ ಮುದ್ದೆ ಮಾಡುವುದು ನಮ್ಮ ಕೋಣೆಯ ಪದ್ಧತಿಯೇ ಆಯಿತು. ಯಾವ ಪುಸ್ತಕವನ್ನೂ ನೋಡಿ ಮಾಡಿದ್ದಲ್ಲ. ಕೆಲವರಿಗೆ ಸರಿಯಾಗಿ ಇಳಿಯಿತು, ಕೆಲವರಿಗೆ ನಿಂತಿತು, ನಿಂತವರಲ್ಲಿ ಕೆಲವರಿಗೆ ದೊಡ್ಡ ಕಾಯಿಲೆಯೇ ಇತ್ತು, ಉಳಿಯಲಿಲ್ಲ. ಪ್ರತಿ ಸಲವೂ ಕೆಂಪಮ್ಮ ಕಟ್ಟಿದ್ದು, ನಾನು ನುಂಗಿ ಎಂದದ್ದು. ಜಿಲ್ಲೆಯ ಎಷ್ಟೋ ಗಂಟಲುಗಳಲ್ಲಿ ಅವರ ಮುದ್ದೆ ಇಳಿಯುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ನನ್ನ ಗಂಟಲೊಂದು ಬಿಟ್ಟು.

ಕಾಲ ಬದಲಾಯಿತು. ಎಂಡೋಸ್ಕೋಪಿ ಬಂತು, ನಳಿಗೆಯ ತುದಿಯ ಕ್ಯಾಮೆರಾ ನೇರ ಒಳಗೇ ಹೋಗಿ ನೋಡುತ್ತದೆ, ಬೇಕಾದರೆ ಚೂರು ಕಿತ್ತು ತರುತ್ತದೆ. ಆಮೇಲೆ ಕಂಪ್ಯೂಟರ್ ಸ್ಕ್ಯಾನ್ ಬಂತು. ಕತ್ತಲ ಕೋಣೆಗೆ ಕಿಟಕಿ ತೆಗೆದರು. ಫಿಲ್ಮ್ ತೊಳೆಯುವ ತೊಟ್ಟಿಗಳನ್ನು ಹೊರಗೆ ಹಾಕಿದ ದಿನ ನಾನು ರಜೆ ಹಾಕಿದ್ದೆ. ವರ್ಗೀಸ್ ಡಾಕ್ಟರು ನಿವೃತ್ತರಾಗಿ ಊರಿಗೆ ಹೋದರು, ಕೆಲವು ವರ್ಷದ ಮೇಲೆ ತೀರಿಕೊಂಡ ಸುದ್ದಿ ಬಂತು. ಕೆಂಪಮ್ಮ ನಿವೃತ್ತರಾದ ದಿನ ಹಾರ ಹಾಕಿದೆವು, ಸ್ವೀಟ್ ಬಾಕ್ಸ್ ಕೊಟ್ಟೆವು. ಅವರು ಹೋಗುವಾಗ ನನ್ನ ಹತ್ತಿರ ಬಂದು, "ಒಂದಿನ ಊರ್ ಕಡೆ ಬನ್ನಿ ಸಾ" ಎಂದರು. ಬರ್ತೀನಿ ಎಂದೆ. ಚಾಮರಾಜನಗರದಿಂದ ಚಂದಕವಾಡಿ ಎಷ್ಟು ದೂರ? ಬಸ್ಸು ಹತ್ತಿದರೆ ಒಂದು ನಿದ್ದೆಗೂ ಸಾಲುವುದಿಲ್ಲ. ನನಗೆ ಹೋಗಲು ಹನ್ನೊಂದು ವರ್ಷ ಬೇಕಾಯಿತು.

ಆ ಕೋಣೆ ನನಗೆ ಈಗಲೂ ಬೇಕು. ಹಸಿರು ಪರದೆ, ಗುಂಯ್ ಸದ್ದು, ಡಾಕ್ಟರ ಅರೆಕನ್ನಡ, ಗೋಡೆಯಾಚೆಯ ಉಪ್ಪುಸಾರಿನ ವಾಸನೆ. ಅದರಲ್ಲಿ ಒಂದು ಮಧ್ಯಾಹ್ನ ವಾಪಸ್ ಸಿಕ್ಕರೂ ಸಾಕು, ಡಬ್ಬಿ ಹಿಡಿದು ಆ ಬಾಗಿಲ ಹೊರಗೆ ಹೋಗಿ ಕೂರುತ್ತಿದ್ದೆ ಎಂದು ಎಷ್ಟು ಸಲ ಅಂದುಕೊಂಡಿದ್ದೇನೋ.

ಹೋದ ತಿಂಗಳು ಹೋದೆ. ಹೆಂಡತಿಗೆ ಎಲ್ಲಿಗೆ, ಯಾಕೆ ಎಂದು ಹೇಳಿಯೇ ಹೋದೆ. ಅವಳು ಒಂದು ಗಳಿಗೆ ನನ್ನ ಮುಖ ನೋಡಿ, "ಬರೀ ಕೈಯಲ್ಲಿ ಹೋಗ್ಬೇಡಿ, ಹಣ್ಣು ತಗೊಂಡ್ ಹೋಗಿ" ಎಂದಳು. ಇಷ್ಟು ಸುಲಭವಿತ್ತು.

ಕೆಂಪಮ್ಮ ಜಗಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಬಲಗೈ ಮಡಿಲಲ್ಲಿ ಬಿದ್ದಿತ್ತು, ಬಾಯಿ ಒಂದು ಕಡೆ ಸ್ವಲ್ಪ ಸೊಟ್ಟಗಾಗಿತ್ತು. ಗುರುತು ಹಿಡಿಯುತ್ತಾರೋ ಇಲ್ಲವೋ ಎಂದು ನಿಂತೆ. "ಫೋಟೋ ಸಾ" ಎಂದರು, ನಾಲಿಗೆ ತಡವರಿಸುತ್ತಾ. ಅವರ ಮೊಮ್ಮಗಳು ಸೌಮ್ಯ ಬದನಗುಪ್ಪೆಯ ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಾಳೆ, ಅವತ್ತು ರಜೆ. ನನಗೆ ಕುರ್ಚಿ ಹಾಕಿ, ಅಜ್ಜಿಗೆ ನೀರು ಕುಡಿಸಿದಳು. ಕುಡಿದ ತಕ್ಷಣ ಕೆಂಪಮ್ಮ ಕೆಮ್ಮಿದರು. ಒದ್ದೆ ಕೆಮ್ಮು. ಆ ಸದ್ದು ನನಗೆ ಗೊತ್ತು.

"ನೀರು ಕೊಡಬೇಡ ಕಣಮ್ಮ ಹಂಗೆ" ಎಂದೆ. "ಲಕ್ವ ಆದೋರ್ಗೆ ನೀರೇ ಕಷ್ಟ, ಉಸಿರಿನ ದಾರಿಗೆ ನುಗ್ಗುತ್ತೆ. ಗಟ್ಟಿ ಅಂಬಲಿ ಮಾಡು, ನೆಟ್ಟಗೆ ಕೂರಿಸು, ಗದ್ದ ಎದೆ ಕಡೆ ಬಗ್ಗಿಸಿ ಒಂದೊಂದೇ ಚಮಚ ಕೊಡು. ದೊಡ್ಡಾಸ್ಪತ್ರೆಗೆ ಕರ್ಕೊಂಡ್ ಹೋಗಿ ನುಂಗೋದನ್ನ ಒಂದ್ಸಲ ಪರೀಕ್ಷೆ ಮಾಡ್ಸು. ನಾನೂ ಬರ್ತೀನಿ."

ಸೌಮ್ಯ ತಲೆಯಾಡಿಸಿದಳು. ಕೆಂಪಮ್ಮ ಒಳ್ಳೆಯ ಕೈಯಿಂದ ಬಾಯಿ ಒರೆಸಿಕೊಂಡು, ಯಾಕೆ ಬಂದಿರಿ ಎಂಬ ಹಾಗೆ ನನ್ನನ್ನೇ ನೋಡುತ್ತಿದ್ದರು. ಬಸ್ಸಿನಲ್ಲಿ ಸಿದ್ಧ ಮಾಡಿಕೊಂಡಿದ್ದ ಮಾತೆಲ್ಲ ಮರೆತುಹೋಗಿತ್ತು.

"ಹಿಟ್ಟು ಉಣ್ಣೋಕೆ ಬಂದೆ" ಎಂದೆ.

ಅವರು ಒಳ್ಳೆಯ ಕೈಯಿಂದ ಸೆರಗು ಸರಿಮಾಡಿಕೊಂಡರು. ಆಮೇಲೆ ಆ ಸೊಟ್ಟ ಬಾಯಿಯ ಸರಿಯಿದ್ದ ಅರ್ಧದಲ್ಲಿ ನಗು ಬಂತು.

"ಒಟ್ಟೆ ಸರಿ ಆಯ್ತಾ ಸಾ?"

ನಾನು ಆ ಕುರ್ಚಿಯ ಮೇಲೆ ಕೂತು ಅತ್ತುಬಿಟ್ಟೆ. ಈ ವಯಸ್ಸಿನಲ್ಲಿ, ಒಂದು ಚಿಕ್ಕ ಹುಡುಗಿಯ ಎದುರಿಗೆ. ಸೌಮ್ಯ ಗಾಬರಿಯಾಗಿ ಅಜ್ಜಿಯ ಮುಖ ನೋಡಿದಳು. "ಎಸರಿಕ್ಕು ಓಗಮ್ಮಿ" ಎಂದರು ಕೆಂಪಮ್ಮ.

ಸೌಮ್ಯ ತಿರುವಿದಳು, ಕೆಂಪಮ್ಮ ಜಗಲಿಯಿಂದಲೇ ಹೇಳಿಕೊಟ್ಟರು. ಹಿಟ್ಟು ಬೆಂದ ಮೇಲೆ ಪಾತ್ರೆಯನ್ನು ಹತ್ತಿರ ತರಿಸಿಕೊಂಡು, ಎಡಗೈ ಒದ್ದೆ ಮಾಡಿಕೊಂಡು, ಒಂದೇ ಕೈಯಲ್ಲಿ ಮುದ್ದೆ ಕಟ್ಟಲು ನೋಡಿದರು. ದುಂಡಗಾಗಲಿಲ್ಲ. ಒಂದು ಕಡೆ ಚಪ್ಪಟೆಯಾಗಿ, ಒಂದು ಕಡೆ ಬೆರಳಿನ ಗುರುತು ಮೂಡಿ ತಟ್ಟೆಗೆ ಬಿತ್ತು. ಮೇಲೆ ಉಪ್ಪುಸಾರು ಬಿಟ್ಟಳು ಸೌಮ್ಯ. ನಾನು ಕುರ್ಚಿ ಬಿಟ್ಟು ಕೆಳಗೆ ಅವರ ಎದುರಿಗೆ ಕೂತೆ. ಅವರ ಬಟ್ಟಲಲ್ಲಿ ಅಂಬಲಿ ಇತ್ತು. ಇಬ್ಬರೂ ಎದುರು ಬದುರು ಕೂತು ಮುದ್ದೆ ಮುರಿಯುವ ಕಾಲವನ್ನು ನಾನು ಕಳೆದುಕೊಂಡಿದ್ದೆ, ಅದು ಇನ್ನು ಯಾವ ಬಸ್ಸು ಹತ್ತಿದರೂ ಸಿಗುವ ಹಾಗಿಲ್ಲ.

ಮುರಿದು, ಸಾರಿನಲ್ಲಿ ಹೊರಳಿಸಿ, ಬಾಯಿಗೆ ಹಾಕಿಕೊಂಡೆ. ಕೆಂಪಮ್ಮ ನನ್ನ ಮುಖ ನೋಡುತ್ತಿರಲಿಲ್ಲ. ಮುಂದಕ್ಕೆ ಬಾಗಿ ನನ್ನ ಗಂಟಲನ್ನೇ ನೋಡುತ್ತಿದ್ದರು, ಡಾಕ್ಟರು ಪರದೆ ನೋಡುತ್ತಿದ್ದ ಹಾಗೆ.

"ಈಗ ನುಂಗಿ" ಎಂದರು.

ನುಂಗಿದೆ.

"ಇಳೀತಾ ಸಾ?"

"ಇಳೀತು ಕಣಕ್ಕ" ಎಂದೆ.